ನಂದಕಿಶೋರ ಮಾಸ್ತರು ಕೊಡುತ್ತಿದ್ದ ಹವ್ಯಾಸಗಳು

ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಗೆ ಬಂದು ನಂದಕಿಶೋರ ಮಾಸ್ತರ ಮನೆ ಯಾವುದು ಎಂದು ಕೇಳಿ ನೋಡಿ. ಹೂವಿನವಳೂ ಪಾತ್ರೆ ಅಂಗಡಿಯವನೂ ತಿರುಗಿ ಒಂದೇ ಪ್ರಶ್ನೆ ಕೇಳುತ್ತಾರೆ: “ಇಂಟರ್‌ವ್ಯೂ ಮಾಸ್ತರೇನ್ರಿ?” ಮೂವತ್ತೆರಡು ವರ್ಷ ಪಿಯು ಕಾಲೇಜಿನಲ್ಲಿ ಮಕ್ಕಳ ಇಂಗ್ಲಿಷ್ ತಿದ್ದಿ ತಿದ್ದಿ ಕೈ ನೋಯಿಸಿಕೊಂಡ ಮನುಷ್ಯ. ಅದು ಯಾರಿಗೂ ನೆನಪಿಲ್ಲ. ನಿವೃತ್ತಿಯಾದ ಮೇಲೆ ಪಡಸಾಲೆಯಲ್ಲಿ ಒಂದು ಮೇಜು, ಅದರ ಎದುರಿಗೊಂದು ಕುರ್ಚಿ ಹಾಕಿ ಹುಡುಗರನ್ನು ಕೂರಿಸಿ ಪ್ರಶ್ನೆ ಕೇಳಲು ಶುರುಮಾಡಿದರಲ್ಲ, ಊರಿಗೆ ಅದಷ್ಟೇ ನೆನಪು.

ಈಗಿನ ಕಾಲದಲ್ಲಿ ಡಾಕ್ಟರಾಗಲು ಯಾರಿಗೂ ಮುಖ ತೋರಿಸಬೇಕಾಗಿಲ್ಲ. ನೀಟ್ ಪರೀಕ್ಷೆಯಲ್ಲಿ ಅಂಕ ಬಂದರೆ ಸೀಟು, ಬರದಿದ್ದರೆ ಇಲ್ಲ. ಆದರೆ ಪುಣೆಯಲ್ಲಿ ಸೈನ್ಯದವರ ವೈದ್ಯಕೀಯ ಕಾಲೇಜೊಂದಿದೆ. ಅಲ್ಲಿ ಅಂಕ ಬಂದವರನ್ನೂ ಕರೆಸಿ, ಅಧಿಕಾರಿಗಳು ಸಾಲಾಗಿ ಕೂತು, ಹತ್ತು ಹದಿನೈದು ನಿಮಿಷ ಮಾತಾಡಿಸಿ ನೋಡುತ್ತಾರೆ. ಸೀಟು ಸಿಕ್ಕರೆ ಓದಿನ ಖರ್ಚು ಸರ್ಕಾರದ್ದು, ಓದು ಮುಗಿದ ಮೇಲೆ ನೌಕರಿಯೂ ಕೈಯಲ್ಲಿ. ನಮ್ಮ ಕಡೆಯಿಂದ ವರ್ಷಕ್ಕೆ ನಾಲ್ಕೈದು ಮಕ್ಕಳಿಗೆ ಅಲ್ಲಿಂದ ಕರೆ ಬರುತ್ತದೆ. ಕರೆ ಬಂದವರು ಮೊದಲು ಗುಡಿಗೆ ಕಾಯಿ ಒಡೆಸಿ, ಆಮೇಲೆ ಮಾಸ್ತರ ಮನೆಯ ಮೆಟ್ಟಿಲು ಹತ್ತುತ್ತಾರೆ. ಫೀ ಎಷ್ಟು ಎಂದು ಕೇಳಿದವರನ್ನು ಮಾಸ್ತರು ಬೈದು ಕಳಿಸುತ್ತಾರೆ.

ಮಾಸ್ತರಿಗೆ ಒಂದು ಗಟ್ಟಿ ನಂಬಿಕೆ ಇತ್ತು. ಇಷ್ಟು ಅಂಕ ತೆಗೆದ ಮಕ್ಕಳು ವಿಜ್ಞಾನದ ಪ್ರಶ್ನೆಯಲ್ಲಿ ಬೀಳುವುದಿಲ್ಲ, ಬೀಳುವುದು ಹವ್ಯಾಸದ ಪ್ರಶ್ನೆಯಲ್ಲಿ. ಈ ನಂಬಿಕೆ ಅವರಿಗೆ ಪುಸ್ತಕದಿಂದ ಬಂದದ್ದಲ್ಲ. ಹದಿನೆಂಟರ ವಯಸ್ಸಿನಲ್ಲಿ ಅಪ್ಪನ ಕೋಟು ಹಾಕಿಕೊಂಡು ಇಂಥದೇ ಒಂದು ಸಂದರ್ಶನಕ್ಕೆ ಅವರೂ ಹೋಗಿದ್ದರು. ಹವ್ಯಾಸವೇನು ಎಂದು ಕೇಳಿದಾಗ ಎಲ್ಲರಂತೆ ‘ಓದುವುದು’ ಎಂದರು. ಕಡೆಗೆ ಓದಿದ್ದು ಯಾವುದು ಎಂದಾಗ ಲೈಬ್ರರಿಯ ಕಪಾಟಿನಲ್ಲಿ ನೋಡಿದ್ದ ಒಂದು ದಪ್ಪ ಇಂಗ್ಲಿಷ್ ಕಾದಂಬರಿಯ ಹೆಸರು ಹೇಳಿದರು. ಅದು ಹೇಗೆ ಮುಗಿಯುತ್ತದೆ ಎಂದಾಗ, ಎಲ್ಲರೂ ಸುಖವಾಗಿರುತ್ತಾರೆ ಸರ್ ಎಂದುಬಿಟ್ಟರು. ಆ ಕಾದಂಬರಿಯ ಕೊನೆಯಲ್ಲಿ ಒಬ್ಬರೂ ಬದುಕಿ ಉಳಿದಿರಲಿಲ್ಲವಂತೆ. ಮೇಜಿನ ಆಚೆಗಿದ್ದವರು ನಕ್ಕರು, ಸೀಟು ಹೋಯಿತು. ಹುಡುಗ ಮನೆಗೆ ಬಂದು ಮೂರು ದಿನ ಊಟ ಬಿಟ್ಟ. ಆಮೇಲೆ ಇಂಗ್ಲಿಷ್ ಎಂ.ಎ. ಮಾಡಿ, ಸಿಕ್ಕಿದ್ದೆಲ್ಲವನ್ನೂ ಕೊನೆಯ ಪುಟದ ತನಕ ಓದಿದ. ಅಷ್ಟು ಹೊತ್ತಿಗೆ ಕೇಳುವವರು ಯಾರೂ ಇರಲಿಲ್ಲ.

ಅದಕ್ಕೇ ಅವರದೊಂದು ಕಾಯಿದೆ. ಹವ್ಯಾಸವೆಂದರೆ ಒಂದರ ಮೇಲೊಂದು ಮೂರು ಪ್ರಶ್ನೆಗೆ ಕಾಲೂರಿ ನಿಲ್ಲಬೇಕು. ಎರಡನೆಯದಾಗಿ, ಅದು ಹೊಟ್ಟೆಪಾಡಿಗೆ, ಮನೆಗೆಲಸಕ್ಕೆ ಸಂಬಂಧಪಟ್ಟದ್ದಾಗಿರಬಾರದು. ಗಡಿಯಾರ ರಿಪೇರಿಯವರ ಮಗ ಅಶ್ಫಾಕ ದಿನಾ ಸಂಜೆ ಅಪ್ಪನ ಜೊತೆ ಕೂತು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರ ಬಿಚ್ಚುತ್ತಿದ್ದ. “ಅದು ನಿಮ್ಮ ದಂಧೆ, ಹವ್ಯಾಸ ಅಲ್ಲ,” ಎಂದು ಮಾಸ್ತರು ಅವನಿಗೆ ಅಂಚೆಚೀಟಿ ಸಂಗ್ರಹ ಹಚ್ಚಿದರು. ಬರೀ ಬಾಯಿಪಾಠವಲ್ಲ, ನಿಜವಾಗಿಯೂ ಎರಡು ತಿಂಗಳು ಅಂಚೆಚೀಟಿ ಕೂಡಿಸಲು ಹಚ್ಚಿದರು. ಅಶ್ಫಾಕನಿಗೆ ಸೀಟು ಸಿಕ್ಕಿತು. ಅದೇ ದೊಡ್ಡ ಸುದ್ದಿಯಾಗಿ, ಮಾಸ್ತರು ಕೊಟ್ಟ ಹವ್ಯಾಸಕ್ಕೆ ಸೀಟು ಗ್ಯಾರಂಟಿ ಎಂದು ಬಬಲೇಶ್ವರ, ತಿಕೋಟಾ, ಸುತ್ತಲಿನ ಹಳ್ಳಿಗಳ ತನಕ ಮಾತು ಹಬ್ಬಿತು. “ನಿಮಗಿರೋದು ಒಂದ ಹವ್ಯಾಸ,” ಎಂದು ಹೆಂಡತಿ ಹೀರಾಬಾಯಿ ಛೇಡಿಸುತ್ತಿದ್ದರು, “ಮಂದಿಗೆ ಹವ್ಯಾಸ ಹಚ್ಚೋದು.”

ಹೋದ ವರ್ಷ ಮಳೆಗಾಲದ ಶುರುವಿನಲ್ಲಿ ಕಳ್ಳಕವಟಗಿಯ ಸಿದ್ದರಾಯ ತನ್ನ ಮಗಳನ್ನು ಕರೆದುಕೊಂಡು ಬಂದ. ದ್ರಾಕ್ಷಿ ಬೆಳೆಯುವ ರೈತ. ಪಡಸಾಲೆಯಲ್ಲಿ ಕುರ್ಚಿ ಇದ್ದರೂ ನೆಲದ ಮೇಲೆ ಕೂತ. ಮಗಳ ಹೆಸರು ವಿಜಯಲಕ್ಷ್ಮೀ, ಮನೆಯಲ್ಲಿ ವಿಜಿ. ತೆಳ್ಳಗಿನ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವ ಹುಡುಗಿ. ಅಂಕ ಚೆನ್ನಾಗಿ ಬಂದಿತ್ತು, ಪುಣೆಯಿಂದ ಕರೆಯೂ ಬರುವುದಿತ್ತು.

“ಹವ್ಯಾಸ ಏನವ್ವಾ?” ಎಂದು ಮಾಸ್ತರು ತಮ್ಮ ಮೇಜಿನ ಆಚೆಯಿಂದ ಕೇಳಿದರು.

ಹುಡುಗಿ ಅಪ್ಪನ ಮುಖ ನೋಡಿದಳು. ಆಮೇಲೆ ಹೇಳಿದಳು, “ನಮ್ಮಜ್ಜಿ ಅಳೂದನ್ನ ಬರದ ಇಡ್ತೀನ್ರಿ ಸರ.”

ಮಾಸ್ತರಿಗೆ ಅರ್ಥವಾಗಲಿಲ್ಲ. ಸಿದ್ದರಾಯನೇ ನಾಚಿಕೊಂಡು ಬಿಡಿಸಿ ಹೇಳಿದ. ಅವನ ತಾಯಿ ಕಾಳವ್ವ ಆ ಕಡೆಯ ಹತ್ತೂರಿಗೆ ಹೆಸರಾದವಳು. ಯಾರ ಮನೆಯಲ್ಲಿ ಸಾವಾದರೂ ಕಾಳವ್ವ ಬಂದು, ಗೋಡೆಗೆ ಒರಗಿಸಿ ಕೂರಿಸಿದ ಹೆಣದ ಮುಂದೆ ಕೂತು ಹಾಡ್ಯಾಡಿ ಅಳಬೇಕು. ಸತ್ತವರು ಯಾರು, ಯಾರ ಮನೆಗೆ ಹುಟ್ಟಿ ಯಾರ ಮನೆಗೆ ನಡೆದರು, ಏನು ಉಂಡರು, ಏನು ಉಣ್ಣಲಿಲ್ಲ, ಯಾವ ಬೇನೆಗೆ ಹೋದರು, ಎಲ್ಲ ಆ ಅಳುವಿನ ಹಾಡಿನಲ್ಲಿ ಬರುತ್ತದೆ. ನಿಡೋಣಿಯಿಂದ ಟಂಟಂ ಗಾಡಿ ಕಳಿಸಿ ಕರೆಸಿಕೊಳ್ಳುತ್ತಾರೆ. ಅವಳು ಬಂದು ಮೊದಲ ಸೊಲ್ಲು ತೆಗೆಯುವ ತನಕ ಹೆಂಗಸರಿಗೆ ಅಳು ಸರಿಯಾಗಿ ಬರುವುದಿಲ್ಲ. ವಿಜಿ ಆರನೇ ಇಯತ್ತೆಯಿಂದ ಅಜ್ಜಿಯ ಬೆನ್ನು ಹತ್ತಿ ಹೋಗಿ, ಕೇಳಿ, ಮನೆಗೆ ಬಂದು ಬರೆದಿಡುತ್ತಾಳೆ. ಏಳು ನೋಟುಬುಕ್ಕು ತುಂಬಿವೆ.

“ಒಂದ ಹೇಳಲೇನ್ರಿ?” ಎಂದು ಕೇಳಿ, ಮಾಸ್ತರು ಬೇಡವೆನ್ನುವ ಮೊದಲೇ ಹುಡುಗಿ ಹೇಳಿಬಿಟ್ಟಳು. ಹಾಡಲಿಲ್ಲ, ಬರೀ ಹೇಳಿದಳು:

“ಮೂರ ದಿನ ಹೊಟ್ಟಿ ಹಿಡಕೊಂಡ ಕುಂತೆಲ್ಲ ನನ ಮಗಳ,
ತಿಕೋಟಾಕ ಒಯ್ಯೂ ಗಾಡಿ ಹಳ್ಳದಾಗ ನಿಂತಿತಲ್ಲ,
ಕೂಸಿನ ಅಳು ಕೇಳಲಿಲ್ಲ, ನಿನ್ನ ಅಳು ನಿಲ್ಲಲಿಲ್ಲ.”

ಒಳಗೆ ಅಕ್ಕಿ ಆರಿಸುತ್ತಿದ್ದ ಹೀರಾಬಾಯಿಯ ಕೈ ನಿಂತಿತು. ಮಾಸ್ತರ ಮೈಯೂ ಜುಮ್ಮೆಂದಿರಬೇಕು. ಆದರೆ ಅವರು ಅವರೇ.

“ಛಲೋ ಅದ. ಆದ್ರ ಇದನ್ನ ಅಲ್ಲಿ ಹೇಳಬಾರದು,” ಎಂದರು. “ಡಾಕ್ಟರ್ ಆಗ್ತೀನಿ ಅಂತ ಹೋದಾಕಿ ಹೆಣದ ಮಾತು ತಗದ್ರ ಹ್ಯಾಂಗವ್ವಾ? ಅಪಶಕುನ. ಮತ್ತ ಇದು ನಿಮ್ಮ ಅಜ್ಜಿ ಕೆಲಸ, ನಿನ್ನ ಹವ್ಯಾಸ ಅಲ್ಲ. ನಿನಗ ನಾ ಪಕ್ಷಿ ವೀಕ್ಷಣೆ ಕೊಡ್ತೀನಿ.”

“ಹೂಂ ಅನ್ನವಾ,” ಎಂದ ಸಿದ್ದರಾಯ. ಹುಡುಗಿ ಹೂಂ ಎಂದಳು.

ಮಾಸ್ತರು ತಮ್ಮ ದುರ್ಬೀನನ್ನು ಅವಳ ಕೊರಳಿಗೆ ಹಾಕಿದರು. ದಿನಾ ಮುಂಜಾನೆ ಭೂತನಾಳ ಕೆರೆಗೆ ಹೋಗಿ ನೋಡಿದ್ದನ್ನು ಬರೆದು ತರಬೇಕು. ಆ ಹಂಗಾಮಿನಲ್ಲಿ ಕೆರೆಯಲ್ಲಿ ಬೆಳ್ಳಕ್ಕಿ, ನೀರುಕಾಗೆ ಬಿಟ್ಟರೆ ಹೇಳಿಕೊಳ್ಳುವಂಥ ಹಕ್ಕಿ ಏನಿರುತ್ತದೆ? ವಿಜಿ ತಾನಿದ್ದ ವಿಜಯಪುರದ ಹಾಸ್ಟೆಲಿನಿಂದ ನಡೆದುಹೋಗಿ, ಇದ್ದ ಬೆಳ್ಳಕ್ಕಿಗಳನ್ನೇ ಎಣಿಸಿ, ಚೊಕ್ಕ ಅಕ್ಷರದಲ್ಲಿ ಬರೆದು ತರುತ್ತಿದ್ದಳು. ಮಾಸ್ತರು ಪಾಸು ಮಾಡಿದಂತೆ ತಲೆ ಆಡಿಸುತ್ತಿದ್ದರು. ವಿಧೇಯ ಹುಡುಗಿ, ಇದು ಸೀಟು ತರುತ್ತದೆ ಎಂದು ಹೆಂಡತಿಯ ಮುಂದೆ ಕೊಚ್ಚಿಕೊಳ್ಳುತ್ತಿದ್ದರು.

ಒಂದು ದಿನ ಕಾಳವ್ವನೇ ಬಂದಳು. ಕಣ್ಣು ತೋರಿಸಲು ವಿಜಯಪುರಕ್ಕೆ ಬಂದವಳು ಮೊಮ್ಮಗಳ ಮಾಸ್ತರನ್ನು ನೋಡಿಕೊಂಡೇ ಹೋಗುತ್ತೇನೆಂದು ಹಟ ಹಿಡಿದು ಬಂದಿದ್ದಳು. ಎಂಬತ್ತರ ಹತ್ತಿರದ ಮುದುಕಿ, ಇಳಕಲ್ ಸೀರೆ, ಸೊಂಟದಲ್ಲಿ ತಪಕೀರದ ಡಬ್ಬಿ. ಒಂದು ಚಿಟಿಕೆ ಮೂಗಿಗೇರಿಸಿ, ಸೀನಿ, ಸಾವಕಾಶವಾಗಿ ಕೇಳಿದಳು:

“ಏನ್ ಮಾಸ್ತರ, ನನ್ನ ಮೊಮ್ಮಗಳನ್ನ ಹಕ್ಕಿ ಎಣಸಾಕ ಹಚ್ಚೀರಂತ? ಹೊಲದಾಗ ಹಕ್ಕಿ ಓಡಸಾಕಾದ್ರೂ ಬರ್ತೈತಿ ಆಕಿಗೆ. ಎಣಿಸಿ ಏನ್ ಮಾಡಾಕಿ?”

“ಸೀಟು ತರ್ತಾಳ್ರಿ ಅಜ್ಜಿ.”

“ಹಂಗಾರ ಎಣಸಲಿ ಬಿಡ್ರಿ. ಆಕಿ ಡಾಕ್ಟರ್ ಆದ್ರ ನಾ ಅಳೂದರ ಕಡಿಮಿ ಆದೀತು.”

ಆಮೇಲೆ ಅವಳು ಮಾಸ್ತರನ್ನು ಬಿಟ್ಟು ಅಡುಗೆಮನೆಗೆ ಹೋಗಿ ಹೀರಾಬಾಯಿಯ ಹತ್ತಿರ ಕೂತಳು. ತವರು ಯಾವುದು, ತಾಯಿ ಹೋಗಿ ಎಷ್ಟು ವರ್ಷವಾಯಿತು, ಕಡೆಗಾಲದಲ್ಲಿ ಏನು ಬೇಡಿದಳು ಎಂದು ಒಂದೊಂದಾಗಿ ಕೇಳಿದಳು. ಅರ್ಧ ತಾಸಿನಲ್ಲಿ ಹೀರಾಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ತಾಯಿ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ತಾಯಿ ಕಡೆಗೆ ಬೇಡಿದ್ದೇನು ಎಂದು ಅಲ್ಲಿಯ ತನಕ ಯಾರೂ, ಗಂಡನೂ, ಅವರನ್ನು ಕೇಳಿರಲಿಲ್ಲ. ಮುದುಕಿ ಹೋದ ಮೇಲೆ ಹೀರಾಬಾಯಿ ಮನಸ್ಸು ಹಗುರಾಗಿ ಆ ದಿನ ಹೋಳಿಗೆ ಮಾಡಿದರು.

ಆಗಸ್ಟಿನಲ್ಲಿ ಪುಣೆಗೆ ಹೊರಡುವ ದಿನ ಬಂತು. ಕಾಳವ್ವನಿಗೆ ನಾಲ್ಕು ದಿನದಿಂದ ಜ್ವರ. ಸಿದ್ದರಾಯ ಮನೆ ಬಿಡುವಂತಿರಲಿಲ್ಲ. ಮಾಸ್ತರ ಮಗಳು ಪ್ರಾಚಿಯ ಮನೆ ಪುಣೆಯಲ್ಲೇ ಇತ್ತು. ಹೀಗಾಗಿ ಮಾಸ್ತರು, ಹೀರಾಬಾಯಿ ಇಬ್ಬರೂ ಹುಡುಗಿಯನ್ನು ಕರೆದುಕೊಂಡು ಹೊರಟರು. ಸಂದರ್ಶನಕ್ಕೆ ಎರಡು ದಿನ ಮೊದಲು ಮೊಬೈಲು ಮುಟ್ಟಬಾರದೆಂಬುದು ಮಾಸ್ತರ ಇನ್ನೊಂದು ಕಾಯಿದೆ. ಹುಡುಗಿಯ ಮೊಬೈಲು ಬಂದ್ ಆಗಿ ಹೀರಾಬಾಯಿಯ ಚೀಲ ಸೇರಿತು.

ಬೆಳಗಿನ ಬಸ್ಸಿಗೆ ಹೊರಟು ಸೊಲ್ಲಾಪುರ ಮುಟ್ಟಿದರು. ಪುಣೆಯ ರೈಲಿಗೆ ಇನ್ನೂ ಮುಕ್ಕಾಲು ತಾಸಿತ್ತು. ವಿಜಿ ಸ್ಟೇಷನ್ನಿನ ನಳದ ಹತ್ತಿರ ಬಾಟಲಿಗೆ ನೀರು ತುಂಬಲು ಹೋಗಿದ್ದಳು. ಆಗ ಮಾಸ್ತರ ಫೋನು ಬಡಿಯಿತು. ಸಿದ್ದರಾಯ.

“ಸರ, ಅವ್ವ ಹ್ವಾದ್ಳ್ರೀ.”

ಮಾಸ್ತರು ಹಣೆಗೆ ಕೈ ಹಚ್ಚಿಕೊಂಡರು.

“ಮುಂಜಾನಿ ಚಾ ಕುಡದ್ಳು, ವಿಜಿ ಹ್ವಾದ್ಳೇನು ಅಂತ ಕೇಳಿದ್ಳು, ಅಷ್ಟರಿ. ಏನ್ ಮಾಡೂನ್ರಿ? ಕರಕೊಂಡ ಬರ್ತೀರೇನ್ರಿ? ಸಂಜೀತನ ಇಡ್ತೀವ್ರಿ ಹೆಣ. ನನಗ ಏನೂ ತಿಳೀವಲ್ದು. ನೀವ್ ಹ್ಯಾಂಗಂತೀರಿ ಹಂಗ.”

ವಿಜಯಪುರದ ಬಸ್ಸು ಅಲ್ಲೇ ನಿಲ್ದಾಣದಲ್ಲಿ ನಿಂತಿರುತ್ತದೆ. ಹತ್ತಿದರೆ ಮಧ್ಯಾಹ್ನ ಮೂರರೊಳಗೆ ಕಳ್ಳಕವಟಗಿ. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಪುಣೆಯಲ್ಲಿ ಸಂದರ್ಶನ. ಮಣ್ಣು ಮುಗಿಸಿಕೊಂಡು ವಾಪಸು ಬಂದರೂ ಹುಡುಗಿ ಯಾವ ಸ್ಥಿತಿಯಲ್ಲಿ ಆ ಕುರ್ಚಿಯ ಮೇಲೆ ಕೂತಾಳು? ಮಾಸ್ತರು ನಳದ ಕಡೆ ನೋಡಿದರು. ವಿಜಿ ಬಾಟಲಿ ತುಂಬಿ, ಹಿಂದೆ ನಿಂತಿದ್ದ ಮುದುಕನ ತಂಬಿಗೆಯನ್ನೂ ತುಂಬಿ ಕೊಡುತ್ತಿದ್ದಳು.

“ಬ್ಯಾಡ, ಸಿದ್ದರಾಯ,” ಎಂದರು. “ಮುಗಿಸಿಕೊಂಡ ಬರ್ತೀವಿ. ನೀವು ಕಾಯಬ್ಯಾಡ್ರಿ. ಆಕಿಗೆ ನಾವು ಹೇಳೂದಿಲ್ಲ, ನೀವೂ ಹೇಳಬ್ಯಾಡ್ರಿ.”

“ಹೂನ್ರಿ ಸರ,” ಎಂದಿತು ಆ ಕಡೆಯ ದನಿ. ದೊಡ್ಡವರು ಹೇಳಿದ ಮೇಲೆ ಮುಗಿಯಿತು.

ಹೀರಾಬಾಯಿ ಎಲ್ಲ ಕೇಳಿಸಿಕೊಂಡಿದ್ದರು. ಮಾಸ್ತರ ತೋಳು ಹಿಡಿದು, “ಹೇಳಿಬಿಡ್ರಿ,” ಎಂದರು. “ಆಕೀ ಅಜ್ಜಿ ಅದು. ಹೋಗೋದು ಬಿಡೋದು ಆಕೀನ ನೋಡಲಿ.”

“ನಿನಗ ತಿಳಿಯೂದಿಲ್ಲ. ಹದಿನೆಂಟ ವರ್ಷದ ಹುಡುಗಿ ಏನ್ ನೋಡ್ತಾಳ? ಅಳ್ಕೋತ ಬಸ್ ಹತ್ತತಾಳ. ಸತ್ತವರಂತೂ ವಾಪಸ್ ಬರೂದಿಲ್ಲ. ಸೀಟೂ ಹೋಗಬೇಕೇನು?”

“ನಿಮ್ಮದ ಸೀಟು ಹೋಗಿದ್ದಕ್ಕ ಆಕೀನ್ಯಾಕ ಕಟ್ಟಿಹಾಕ್ತೀರಿ?”

ನಲವತ್ತು ವರ್ಷದ ಸಂಸಾರದಲ್ಲಿ ಹೀರಾಬಾಯಿ ಆಡಿರದ ಮಾತು ಅದು. ವಿಜಿ ನೀರು ತಂದಳು, ರೈಲು ಬಂತು, ಮೂವರೂ ಹತ್ತಿದರು.

ಮಾಸ್ತರು ಕೆಟ್ಟವರಲ್ಲ, ಅದನ್ನು ಇಲ್ಲೇ ಹೇಳಿಬಿಡಬೇಕು. ನಮ್ಮಲ್ಲಿ ಪರೀಕ್ಷೆಗೆ ಕೂತ ಮಕ್ಕಳಿಂದ ಸಾವು ಮುಚ್ಚಿಡದ ಮನೆ ಯಾವುದಿದೆ? ಪೇಪರು ಮುಗಿಸಿ ಹೊರಗೆ ಬಂದ ಹುಡುಗನನ್ನು ಚಿಕ್ಕಪ್ಪ ಗೇಟಿನಲ್ಲಿ ಹಿಡಿದು ನೇರ ಸ್ಮಶಾನಕ್ಕೆ ಕರೆದೊಯ್ದದ್ದನ್ನು ನಾವೆಲ್ಲ ಕಂಡವರೇ. ಆ ಹುಡುಗರನ್ನು ಆಮೇಲೆ ಯಾರಾದರೂ ಕೂರಿಸಿಕೊಂಡು ನಿನಗೆ ಹೇಗನ್ನಿಸಿತಪ್ಪ ಎಂದು ಕೇಳಿದ್ದುಂಟೇ? ಅಂಕ ಎಷ್ಟು ಬಂತು ಎಂದು ಕೇಳಿದ್ದೇವೆ.

ಮರುದಿನ ಬೆಳಿಗ್ಗೆ ಹುಡುಗಿ ಒಳಗೆ ಹೋದಳು. ಹೀರಾಬಾಯಿಯನ್ನು ಮಗಳ ಮನೆಯಲ್ಲಿ ಬಿಟ್ಟು ಬಂದಿದ್ದ ಮಾಸ್ತರು ಗೇಟಿನ ಹೊರಗೆ ಗುಲ್‌ಮೊಹರ್ ಗಿಡದ ಕೆಳಗೆ ನಿಂತರು. ಸಂಜೆ ಐದಕ್ಕೇ ಮಣ್ಣಾಯಿತು ಎಂದು ಸಿದ್ದರಾಯ ಹಿಂದಿನ ದಿನವೇ ತಿಳಿಸಿದ್ದ. ಮಾಸ್ತರಿಗೆ ಬೆಳಗಿನಿಂದ ಬಾಯಿಗೆ ಏನೂ ಸೇರಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ವಿಜಿ ಓಡೋಡುತ್ತ ಬಂದಳು. ಮುಖ ಅರಳಿತ್ತು.

“ಸರ, ಬೈತೀರೇನೋ. ನಾ ಹಕ್ಕಿ ಬಿಟ್ಟ ಬಂದೇನ್ರಿ!”

ಅವಳು ಹೇಳಿದ್ದು ಇದು. ಪಕ್ಷಿಯ ಬಗ್ಗೆ ಎರಡು ಪ್ರಶ್ನೆಗೆ ಅವಳು ಮಾಸ್ತರು ಹೇಳಿಕೊಟ್ಟಂತೆ ಉತ್ತರಿಸಿದಳು. ಮೂರನೆಯದನ್ನು ಕೇಳಿದವರು ಒಬ್ಬ ಮಹಿಳಾ ಅಧಿಕಾರಿ, ವಯಸ್ಸಾದವರು. ಹಕ್ಕಿ ನೋಡಿದರೆ ನಿನಗೆ ಏನನ್ನಿಸುತ್ತದೆ ಎಂದರು. ಅದನ್ನು ಮಾಸ್ತರು ಹೇಳಿಕೊಟ್ಟಿರಲಿಲ್ಲ. ಏನೂ ಅನ್ನಿಸುವುದಿಲ್ಲ, ನಮ್ಮ ಸರ್ ನೋಡಲು ಹೇಳಿದ್ದಾರೆ ಎಂದುಬಿಟ್ಟಳು. ಎಲ್ಲರೂ ನಕ್ಕರು. ಆ ಅಧಿಕಾರಿ ನಗದೆ ಕೇಳಿದರಂತೆ, ಹಾಗಾದರೆ ಯಾರೂ ಹೇಳದೆ ನೀನು ಮಾಡುವುದೇನು?

“ಆಗ ಅಜ್ಜಿ ಬಗ್ಗೆ ಹೇಳಿದ್ನಿರಿ. ಎಲ್ಲಾ ಹೇಳಿದ್ನಿ. ಏಳು ನೋಟುಬುಕ್ಕಿನಾಗ ನೂರಾ ಹನ್ನೊಂದ ಮಂದಿ ಅದಾರ, ಅದರಾಗ ಬಾಣಂತೇರು ಎಷ್ಟು, ಹಾವ ಕಡದವರ ಎಷ್ಟು, ದ್ರಾಕ್ಷಿಗೆ ವಿಷದ ಎಣ್ಣಿ ಹೊಡಿಯೂ ಮುಂದ ಬಿದ್ದವರ ಎಷ್ಟು, ಎಲ್ಲಾ ಹೇಳಿದ್ನಿ. ಗಾಡಿ ಸಿಕ್ಕಿದ್ರ ಯಾರ್ಯಾರ ಉಳೀತಿದ್ರು ಅನ್ನೂದೂ ಅಜ್ಜಿ ಹಾಡಿನಾಗ ಬರ್ತೈತಿ ಅಂದ್ನಿ. ಪೆನ್ ಕೆಳಗಿಟ್ಟ ಕೇಳಿದ್ರು ಸರ ಎಲ್ಲಾರೂ! ಒಂದ ಹಾಡು ಅಂದ್ರು. ಹೆಣ ಇಲ್ಲದ ಹಾಡೂದಿಲ್ರಿ ಅಂದ್ನಿ.”

“ಛಲೋ ಮಾಡಿದಿ,” ಎಂದರು ಮಾಸ್ತರು.

“ಕಡೀಕ ಆ ಮೇಡಮ್ ಕೇಳಿದ್ರು, ಊರ ಮಂದಿಗೆಲ್ಲ ನಿಮ್ಮಜ್ಜಿ ಅಳ್ತಾರ, ಅವರಿಗೆ ಯಾರ ಅಳಾವ್ರು ಅಂತ. ನಾನರಿ ಅಂದ್ನಿ. ತನ್ನ ಅಳೂ ಹಾಡ ತಾನ ಹೇಳಿಕೊಟ್ಟಾಳ್ರಿ, ಏನೇನ ಸೇರಸಬೇಕು, ಏನ ಬಿಡಬೇಕು ಅಂತ. ನನ್ನ ಬಿಟ್ರ ಯಾರಿಗೂ ಹೇಳಿಲ್ಲ.” ಹುಡುಗಿ ಕಿಲಕಿಲ ನಕ್ಕಳು. “ಮೇಡಮ್ ಎದ್ದ ನಿಂತ ನನ್ನ ಕೈ ಹಿಡದ್ರು ಸರ.”

ಮಾಸ್ತರು ಗಿಡಕ್ಕೆ ಒರಗಿದರು. ತಾವು ಮುಚ್ಚಿಟ್ಟದ್ದು ಒಂದು ಸುದ್ದಿಯನ್ನಷ್ಟೇ ಎಂದು ಅಲ್ಲಿಯ ತನಕ ಅವರು ತಿಳಿದಿದ್ದರು. ಅಜ್ಜಿಗೆ ಅಳಬೇಕಾದವಳು ಇವಳೊಬ್ಬಳೇ ಎಂಬುದು, ಆ ಹೊತ್ತು ನಿನ್ನೆ ಸಂಜೆಯೇ ಮುಗಿದುಹೋಯಿತು ಎಂಬುದು, ಈಗ ತಿಳಿಯಿತು. ಬಿಸಿಲಲ್ಲಿ ನಿಂತು ತಲೆ ತಿರುಗಿತು ಎಂದು ಹುಡುಗಿಗೆ ಹೇಳಿದರು. ಅವಳು ಓಡಿ ಹೋಗಿ ನಿಂಬೂ ಪಾನಕ ತಂದು ಕುಡಿಸಿದಳು.

ಬರುವ ದಾರಿಯುದ್ದಕ್ಕೂ ಹೇಳಬೇಕೆಂದು ಬಾಯಿ ತೆರೆದರು. ಪುಣೆ ಬಿಡುವ ಮೊದಲು ಅವಳು ಅಜ್ಜಿಗೆಂದು ತಪಕೀರ ಕೊಂಡಾಗ ಹೇಳಬಹುದಿತ್ತು. ಮನೆಗೆ ಫೋನು ಮಾಡಲು ಅವಳು ಮೊಬೈಲು ಕೇಳಿದಾಗ ಹೇಳಬಹುದಿತ್ತು; ಊರಿಗೆ ಹೋಗಿ ನೀನೇ ಬಾಯಾರೆ ಹೇಳು ಎಂದುಬಿಟ್ಟರು. ರೈಲಿನಲ್ಲಿ ಅವಳು ಅಜ್ಜಿ ಈ ಕಥೆ ಕೇಳಿ ಏನನ್ನುತ್ತಾಳೆ ಎಂದು ದನಿ ಮಾಡಿ ತೋರಿಸಿದಾಗ ಹೇಳಬಹುದಿತ್ತು. ಅದೇ ಸೊಲ್ಲಾಪುರ ಸ್ಟೇಷನ್ನಿನಲ್ಲಿ ಇಳಿದಾಗಲಂತೂ ಹೀರಾಬಾಯಿ ಗಂಡನನ್ನು ಕಣ್ಣಿನಿಂದಲೇ ಚುಚ್ಚಿದರು. ಹುಡುಗಿಯ ನಗು ನೋಡಿದಷ್ಟೂ ಮಾಸ್ತರು ಮುಂದೂಡುತ್ತ ಹೋದರು. ಮನೆ ಮುಟ್ಟಲಿ, ಅಪ್ಪನೇ ಹೇಳಲಿ ಎಂದುಕೊಂಡರು. ಇಷ್ಟು ಹೊತ್ತೂ ಧೈರ್ಯದ ಮನುಷ್ಯನಂತೆ ನಡೆದುಕೊಂಡವರು ಕಡೆಗೆ ಹೇಡಿಯಾದರು.

ಮರುದಿನ ಬೆಳಿಗ್ಗೆ ತಿಕೋಟಾ ಬಸ್‌ಸ್ಟ್ಯಾಂಡಿನಲ್ಲಿ ಕಳ್ಳಕವಟಗಿಯ ಬಸ್ಸಿಗೆ ಕಾಯುತ್ತಿದ್ದಾಗ ಬಳೆ ಅಂಗಡಿಯ ಶಾಹೀನ ಎದ್ದು ಬಂದಳು. ಎರಡು ವರ್ಷದ ಹಿಂದೆ ಅವಳ ತಾಯಿ ತೀರಿಕೊಂಡಾಗ ಕಾಳವ್ವ ಅಂಗಳದಲ್ಲಿ ಕೂತು ಅತ್ತಿದ್ದಳು. ಶಾಹೀನ ಬಂದವಳೇ ವಿಜಿಯ ಎರಡೂ ಕೈ ಹಿಡಿದುಕೊಂಡಳು.

“ಎಲ್ಲಿ ಹೋಗಿದ್ದಿ ಬೇ ನೀನು? ಅಜ್ಜಿ ಮಣ್ಣಿಗೂ ಬರಲಿಲ್ಲಲ್ಲ. ನಿನ್ನ ಹಾದೀನ ಕಾಯ್ತಿದ್ರು ಹೆಣ್ಮಕ್ಕಳೆಲ್ಲಾ.”

ವಿಜಿ ಇನ್ನೂ ನಗುತ್ತಲೇ ಇದ್ದಳು. ಆ ನಗು ಮುಖದಿಂದ ಇಳಿಯಲು ಹೊತ್ತು ಹಿಡಿಯಿತು. ಅವಳು ಶಾಹೀನಳನ್ನು ಏನೂ ಕೇಳಲಿಲ್ಲ. ತಿರುಗಿ ಮಾಸ್ತರ ಮುಖ ನೋಡಿದಳು.

“ನಿಮಗ ಗೊತ್ತಿತ್ತೇನ್ರಿ ಸರ?”

“ಹೂಂ.”

“ಯಾವಾಗ?”

“ಸೊಲ್ಲಾಪುರದಾಗ. ಹೋಗೂ ಮುಂದ.”

“ಹೋಗೂ ಮುಂದ,” ಎಂದಳು ಹುಡುಗಿ. ಬಸ್ಸಿನಲ್ಲಿ ಹೀರಾಬಾಯಿ ಅವಳ ತಲೆಯನ್ನು ತಮ್ಮ ಹೆಗಲಿಗೆ ಆನಿಸಿಕೊಂಡರು. ಅವಳು ಬೇಡವೆನ್ನಲಿಲ್ಲ, ಅಳಲೂ ಇಲ್ಲ.

ಮನೆಯ ಮುಂದೆ ಹೆಂಗಸರು ಕೂತಿದ್ದರು. ವಿಜಿಯನ್ನು ಕಂಡದ್ದೇ ಎಲ್ಲರೂ ಒಮ್ಮೆಲೇ ಅಳಲು ಶುರುಮಾಡಿದರು. ಬರೀ ಅಳು, ಅದರಲ್ಲಿ ಮಾತಿಲ್ಲ. ಅಜ್ಜಿಯ ಮಣ್ಣಿನ ದಿನವೂ ಹೀಗೇ ಆಗಿತ್ತಂತೆ. ನಿಡೋಣಿಯಿಂದ, ಬಬಲೇಶ್ವರದಿಂದ ಬಂದ ಹೆಂಗಸರು ಸುತ್ತ ಕೂತು ಒಬ್ಬರ ಮುಖ ಒಬ್ಬರು ನೋಡಿದರಂತೆ. ನೀ ತೆಗಿ, ನೀ ತೆಗಿ ಎಂದರೂ ಯಾರಿಗೂ ಸೊಲ್ಲು ಏಳಲಿಲ್ಲವಂತೆ. ಹತ್ತೂರಿನ ಸಾವಿಗೆ ಮಾತು ಕೊಟ್ಟವಳು ತಾನು ಮಾತ್ರ ಒಂದು ಮಾತೂ ಇಲ್ಲದೆ ಹೋದಳು. ಇದನ್ನು ಒಬ್ಬ ಮುದುಕಿ ಹೇಳುತ್ತಿದ್ದಾಗ ಸಿದ್ದರಾಯ ಬಂದು ಮಾಸ್ತರ ಕಾಲು ಮುಟ್ಟಿದ.

“ನೀವ್ ಹೇಳಿದ್ದ ಖರೆ ಆತ್ರಿ ಸರ. ಇಲ್ಲಾಂದ್ರ ಹುಡುಗಿದು ಹಾಳಾಗ್ತಿತ್ತು. ನಿಮ್ಮ ಉಪಕಾರ ದೊಡ್ಡದ್ರಿ.”

ಮಾಸ್ತರು ಕಾಲು ಹಿಂದಕ್ಕೆ ಎಳೆದುಕೊಂಡರು. ಅವ ಬೈದಿದ್ದರ ಎಷ್ಟ ಛಲೋ ಆಗತಿತ್ತು ಎಂದು ಅವರು ಆಮೇಲೆ ಹೀರಾಬಾಯಿಗೆ ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ.

ಮೂರು ವಾರಕ್ಕೆ ಪಟ್ಟಿ ಬಂತು. ವಿಜಯಲಕ್ಷ್ಮೀಯ ಹೆಸರು ಅದರಲ್ಲಿತ್ತು. ಊರು ಮತ್ತೊಮ್ಮೆ ಮಾಸ್ತರನ್ನು ಹೊಗಳಿತು. ಪಕ್ಷಿಯಿಂದ ಸೀಟು ಬಂತಂತೆ ಎಂದು ಮಾತು ಹಬ್ಬಿತು. ಆ ವಾರವೇ ಇಬ್ಬರು ಮಕ್ಕಳು ಅಪ್ಪಂದಿರನ್ನು ಕರೆದುಕೊಂಡು ಹವ್ಯಾಸ ಕೇಳಲು ಬಂದರು. ಮಾಸ್ತರ ಆರೋಗ್ಯ ಸರಿಯಿಲ್ಲ ಎಂದು ಹೀರಾಬಾಯಿ ಬಾಗಿಲಲ್ಲೇ ಹೇಳಿ ಕಳಿಸಿದರು. ಅದು ಸುಳ್ಳೂ ಆಗಿರಲಿಲ್ಲ.

ಪುಣೆಗೆ ಹೋಗಿ ಸೇರುವ ದಿನ ವಿಜಿ ಅಪ್ಪನ ಜೊತೆ ದಾರಿಯಲ್ಲಿ ಮಾಸ್ತರ ಮನೆಗೆ ಬಂದಳು. ಪೇಢೆಯ ಪೊಟ್ಟಣ ಇಟ್ಟು, ಮೊದಲು ಹೀರಾಬಾಯಿಗೆ, ಆಮೇಲೆ ಮಾಸ್ತರಿಗೆ ನಮಸ್ಕಾರ ಮಾಡಿದಳು. ಸ್ವಲ್ಪ ಇಳಿದುಹೋಗಿದ್ದಳು. ಸಿದ್ದರಾಯ ಎಂದಿನಂತೆ ನೆಲದ ಮೇಲೆ ಕೂತ.

“ನಾ ತಪ್ಪ ಮಾಡೀನವ್ವಾ,” ಎಂದರು ಮಾಸ್ತರು. ಅರವತ್ತೇಳು ವರ್ಷದ ಮನುಷ್ಯ ಇಂಥ ಮಾತನ್ನು ಬೇರೆಯವರ ಮಗಳಿಗೆ ಹೇಳಿದ್ದು ಅದೇ ಮೊದಲು.

“ಸೀಟ್ ಸಿಕ್ಕಿತಲ್ರಿ ಸರ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

“ಅಜ್ಜಿ ಹೇಳಿಕೊಟ್ಟಿದ್ದು... ಅದನ್ನ ನಮ್ಮ ಮುಂದರೆ ಒಮ್ಮೆ ಹಾಡಿಬಿಡು. ನಾನೂ ಈಕಿನೂ ಕೂತು ಕೇಳ್ತೀವಿ. ಅಷ್ಟರೆ ಆಗ್ಲಿ.”

ವಿಜಿ ಆಗದೆಂದು ತಲೆ ಅಲ್ಲಾಡಿಸಿದಳು. ಹೇಳಲೋ ಬೇಡವೋ ಎಂದು ಅಪ್ಪನ ಕಡೆ ಒಮ್ಮೆ ನೋಡಿ, ಮೆಲ್ಲಗೆ ಹೇಳಿದಳು.

“ಅದು ಕುಂತವರಿಗೆ ಕೇಳಸಾಕ ಅಲ್ರಿ ಸರ, ಹ್ವಾದವರಿಗೆ ಕೇಳಸಾಕ. ಮಣ್ಣ ಬೀಳೂತನ ಅವರಿಗೆ ಎಲ್ಲಾ ಕೇಳಸ್ತೈತಿ, ಆಮ್ಯಾಲ ಇಲ್ಲ ಅಂತಿದ್ಲು ಅಜ್ಜಿ. ಗ್ವಾಡಿಗೆ ಆನಿಸಿ ಕುಂದರಿಸಿದ್ರಂತ್ರಿ ಆಕೀನ, ಬಾಗಲಕ ಮಾರಿ ಮಾಡಿ. ಸಂಜಿ ಐದರತನ ಕುಂತಿದ್ಲಂತ್ರಿ ಸರ.”

ಬಸ್ಸಿಗೆ ಹೊತ್ತಾಯಿತು ಎಂದು ಸಿದ್ದರಾಯ ಮಗಳ ಟ್ರಂಕು ಹೆಗಲಿಗೇರಿಸಿದ. ಹೀರಾಬಾಯಿ ಹುಡುಗಿಯ ಹಣೆಗೆ ಕುಂಕುಮ ಹಚ್ಚಿ, ಓಣಿಯ ತಿರುವಿನ ತನಕ ಅವರ ಜೊತೆ ನಡೆದು ಹೋದರು. ಮಾಸ್ತರಿಗೆ ಬಾಗಿಲ ತನಕವೂ ಎದ್ದು ಹೋಗಲಾಗಲಿಲ್ಲ. ಹೆಂಡತಿ ತಿರುಗಿ ಬಂದಾಗ ಅವರು ಕೂತಲ್ಲೇ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದರು.